ಕರೆಂಟ್ ಹಚ್ಚುವ ಮೊದಲು ಪಾದ ಮುಟ್ಟಿ ನೋಡಿ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ
ಮಾನ್ಯ ಜಿಲ್ಲಾಧಿಕಾರಿಗಳು, ಧಾರವಾಡ
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು, ಧಾರವಾಡ

ವಿಷಯ: ಸಕ್ಕರೆ ಕಾಯಿಲೆಯವರ ಕಾಲುರಿಗೆ ವಿದ್ಯುತ್ ಯಂತ್ರಗಳನ್ನು ಯಾವ ತಪಾಸಣೆಯೂ ಇಲ್ಲದೆ ಮಾರುತ್ತಿರುವ ಬಗ್ಗೆ, ಮತ್ತು ಸರ್ಕಾರಿ ಕ್ಲಿನಿಕ್ಕುಗಳಲ್ಲಿ ಪಾದ ಪರೀಕ್ಷೆ ಕಡ್ಡಾಯ ಮಾಡುವ ಬಗ್ಗೆ.

ಮಾನ್ಯರೇ,

ಮಾಳಮಡ್ಡಿ ಧಾರವಾಡ ರೈಲು ನಿಲ್ದಾಣದ ಮಗ್ಗುಲಿನ ಹಳೆಯ ಬಡಾವಣೆ. ಇಲ್ಲಿ ಈಗ ಉಳಿದವರಲ್ಲಿ ಹೆಚ್ಚಿನವರು ಹಿರಿಯರು. ಮಕ್ಕಳು ಪುಣೆ, ಬೆಂಗಳೂರು, ಅದರಾಚೆಗೂ ಹೋಗಿ ನೆಲೆಸಿದ್ದಾರೆ. ಮನೆಯಲ್ಲಿ ಇಬ್ಬರು, ಕೆಲವು ಕಡೆ ಒಬ್ಬರೇ. ತಿಂಗಳಿಗೆ ಪಿಂಚಣಿ ಬರುತ್ತದೆ, ದಿನಕ್ಕೆರಡು ಹೊತ್ತು ಗುಳಿಗೆ ನುಂಗುವುದಿರುತ್ತದೆ, ಒಂದು ಮನೆ ಬಿಟ್ಟು ಇನ್ನೊಂದು ಮನೆಯಲ್ಲಿ ಶುಗರ್ ಇದೆ. ಯಂತ್ರ ಮಾರುವವರು ಇದನ್ನೆಲ್ಲ ನೋಡಿಯೇ ಇಲ್ಲಿಗೆ ಬರುತ್ತಾರೆ.

ಬೆಳಗಿನ ಪೇಪರಿನ ಮಡಿಕೆಯೊಳಗಿಂದ ಒಂದು ಬಣ್ಣದ ಚೀಟಿ ಬೀಳುತ್ತದೆ. ಅಂಗಾಲು ಉರಿಯುತ್ತದೆಯೇ, ಜೋಮು ಹಿಡಿಯುತ್ತದೆಯೇ, ರಾತ್ರಿ ನಿದ್ದೆ ಇಲ್ಲವೇ ಎಂದು ಅದರಲ್ಲಿ ಕೇಳಿರುತ್ತಾರೆ. ಕೆಳಗೆ ದಪ್ಪ ಅಕ್ಷರದಲ್ಲಿ "ಔಷಧವಿಲ್ಲದೆ ಗುಣ, ಉಚಿತ ನರ ತಪಾಸಣಾ ಶಿಬಿರ". ಶಿಬಿರ ಯಾವುದೋ ಮಂಗಲ ಕಾರ್ಯಾಲಯದಲ್ಲಿ. ಬಿಳಿ ಕೋಟು ತೊಟ್ಟ ಹುಡುಗರು ಖುರ್ಚಿ ಸಾಲಾಗಿ ಹಾಕಿರುತ್ತಾರೆ. ಅವರಲ್ಲಿ ವೈದ್ಯರಿಲ್ಲ, ಫಿಜಿಯೋಥೆರಪಿಸ್ಟ್ ಇಲ್ಲ. ಕೇಳಿದರೆ "ಟ್ರೇನಿಂಗ್ ಆಗೇದ್ರಿ" ಎನ್ನುತ್ತಾರೆ. "ಅಜ್ಜಾರ, ಚಪ್ಪಲಿ ಬಿಟ್ಟು ಕಾಲ ಇದರ ಮ್ಯಾಲ ಇಡ್ರಿ" ಎಂದು ಹತ್ತು ನಿಮಿಷ ಕರೆಂಟ್ ಕೊಡುತ್ತಾರೆ. ಕಾಲು ಜುಮುಜುಮು ಎನ್ನುತ್ತದೆ, ಸ್ವಲ್ಪ ಹಗುರ ಅನ್ನಿಸುತ್ತದೆ. ಆ ಹಗುರವಾದ ಗಳಿಗೆಯಲ್ಲೇ ರಸೀದಿ ಪುಸ್ತಕ ತೆರೆಯುತ್ತಾರೆ.

ನಮ್ಮ ಕಾಕಾ ಅಂಥ ಒಂದು ಯಂತ್ರ ತಂದರು. ಅವರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಶುಗರ್ ಬಂದು ಎರಡು ದಶಕ ದಾಟಿದೆ. "ಕೆಂಡದ ಮ್ಯಾಲ ನಿಂತಂಗ ಆಗ್ತದ, ಮುಟ್ಟಿ ನೋಡಿದ್ರ ಕಾಲ ತಣ್ಣಗ ಇರ್ತಾವ" ಎಂದು ಹೇಳುತ್ತಿದ್ದರು. ರಾತ್ರಿ ಮೈಮೇಲೆ ಹೊದಿಕೆ, ಕಾಲು ಮಾತ್ರ ಹೊರಗೆ, ಫ್ಯಾನಿನ ಕೆಳಗೆ. ಯಂತ್ರಕ್ಕೆ 32,000 ರೂಪಾಯಿ ಕೊಟ್ಟಿದ್ದರು. ಪೆಟ್ಟಿಗೆಯನ್ನು ನಾನು ನಾಲ್ಕೂ ಕಡೆ ತಿರುಗಿಸಿ ನೋಡಿದೆ. ತಯಾರಕರ ವಿಳಾಸವಿಲ್ಲ, ಪರವಾನಗಿ ಸಂಖ್ಯೆಯಿಲ್ಲ, ಕನ್ನಡದಲ್ಲಿ ಒಂದು ಸಾಲಿನ ಎಚ್ಚರಿಕೆಯೂ ಇಲ್ಲ. "ಸತ್ತ ನರಕ್ಕ ಜೀವ ಬರ್ತದ್ರಿ, ಆರು ತಿಂಗಳಾದ್ಮ್ಯಾಲ ಗುಳಿಗಿ ಸೈತ ಬಿಡಬಹುದು" ಎಂದು ಮಾರಿದವನು ಹೇಳಿದ್ದನಂತೆ.

ಮನೆಯಲ್ಲಿ ಆದದ್ದು ಹೀಗೆ. ಎಡಗಾಲಿಗೆ ಅಂಟಿಸಿದ ಪ್ಯಾಡಿನ ಕೆಳಗೆ ಜುಮು ಎಂದಿತು, ಬಲಗಾಲಿನಲ್ಲಿ ಏನೂ ಗೊತ್ತಾಗಲಿಲ್ಲ. ಯಂತ್ರದ ಕರೆಂಟ್ ಕಡಿಮೆ ಆಗಿದೆ ಎಂದುಕೊಂಡು ಕಾಕಾ ಅದನ್ನು ಏರಿಸುತ್ತ ಹೋದರು, ಕೊನೆಯ ಅಂಕಿಯವರೆಗೂ. ಪ್ಯಾಡಿನ ಅಂಟು ಒಣಗಿ ಒಂದು ಅಂಚು ಎದ್ದಿತ್ತು. ಹರಿಯಬೇಕಾದ ಕರೆಂಟೆಲ್ಲ ಅಂಟಿಕೊಂಡಿದ್ದ ಒಂದೇ ಮೂಲೆಯಲ್ಲಿ ಹರಿದಿದೆ. ಕಾಕೂ ಬಂದು ಪ್ಯಾಡ್ ಕಿತ್ತಾಗ ಅದರಡಿಯ ತೊಗಲು ಬೆಳ್ಳಗಾಗಿ ಸುಕ್ಕುಗಟ್ಟಿತ್ತು, ರಾತ್ರಿಯೊಳಗೆ ಬೊಬ್ಬೆ ಎದ್ದಿತು. ಕಾಕಾಗೆ ಅದು ನೋಯಲೇ ಇಲ್ಲ. ಬೊಬ್ಬೆ ಒಡೆದು ಹುಣ್ಣಾಯಿತು, ಹುಣ್ಣು ಮಾಯಲು ಇಡೀ ಮಳೆಗಾಲ ಹಿಡಿಯಿತು. ಕಾಲು ಉಳಿಯಿತು. ಡ್ರೆಸ್ಸಿಂಗ್ ಮಾಡುತ್ತಿದ್ದ ಡಾಕ್ಟರು ಮೊದಲ ದಿನವೇ ಕಾಕೂಗೆ ಕೇಳಿದ ಪ್ರಶ್ನೆ ಇದು: "ಕರೆಂಟ್ ಹಚ್ಚೋಕಿಂತ ಮೊದಲ ಯಾರರೆ ಇವರ ಪಾದ ಮುಟ್ಟಿ ನೋಡಿದ್ರೇನ್ರಿ?"

ಯಾರೂ ನೋಡಿರಲಿಲ್ಲ. ಶಿಬಿರದ ಹುಡುಗರಂತೂ ಇಲ್ಲವೇ ಇಲ್ಲ. ಅದಕ್ಕೂ ಮೊದಲು, ಶುಗರ್ ತೋರಿಸಲು ಹೋದ ಕಡೆಗಳಲ್ಲೂ ಇಲ್ಲ. ರಕ್ತ ತೆಗೆದರು, ಚೀಟಿ ಬರೆದರು. ಒಬ್ಬರೂ ಚಪ್ಪಲಿ ಬಿಡಿಸಿ ಪಾದ ನೋಡಲಿಲ್ಲ. ಆ ಕ್ಲಿನಿಕ್ಕುಗಳ ಹೆಸರು ಇಲ್ಲಿ ಬೇಡ. ನನ್ನ ದೂರು ಒಬ್ಬ ಡಾಕ್ಟರ ಮೇಲೆ, ಒಂದು ಆಸ್ಪತ್ರೆಯ ಮೇಲೆ ಇಲ್ಲ. ನೂರು ಜನ ಬಾಗಿಲಲ್ಲಿ ನಿಂತಿರುವಾಗ ಒಬ್ಬೊಬ್ಬರ ಪಾದ ನೋಡಲು ಅವರಿಗೆ ಹೊತ್ತಿಲ್ಲ, ಜೊತೆಗೆ ಆಳಿಲ್ಲ. ಹೊತ್ತನ್ನೂ ಆಳನ್ನೂ ಒದಗಿಸಬೇಕಾದವರು ತಾವು, ಆದ್ದರಿಂದ ತಮಗೆ ಬರೆಯುತ್ತಿದ್ದೇನೆ.

ಈ ಕಾಯಿಲೆಯ ರೀತಿ ತಮಗೆ ಗೊತ್ತಿದ್ದೀತು, ಪತ್ರ ಓದುವ ಉಳಿದವರಿಗಾಗಿ ಹೇಳುತ್ತೇನೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ನರಗಳೂ ಅವುಗಳಿಗೆ ರಕ್ತ ಒಯ್ಯುವ ಸಣ್ಣ ನಾಳಗಳೂ ಕೆಡುತ್ತವೆ. ಎಲ್ಲಕ್ಕಿಂತ ಉದ್ದದ ನರ ಮೊದಲು ಸೋಲುತ್ತದೆ, ಹಾಗಾಗಿ ಕಾಲ್ಬೆರಳ ತುದಿಯಿಂದ ಶುರುವಾಗಿ ಕಾಲುಚೀಲ ಹಾಕುವಷ್ಟು ಭಾಗಕ್ಕೆ ಏರುತ್ತದೆ. ಕೆಟ್ಟ ನರ ಎರಡು ಕೆಲಸ ಮಾಡುತ್ತದೆ. ಮುಟ್ಟಿದ್ದನ್ನು, ಸುಟ್ಟದ್ದನ್ನು, ಚುಚ್ಚಿದ್ದನ್ನು ತಿಳಿಸುವುದಿಲ್ಲ. ಏನೂ ಆಗದಿದ್ದಾಗ ಉರಿ, ಇರಿತ, ಇರುವೆ ಹರಿದಾಟ ಎಂದು ಸುಳ್ಳು ಸುದ್ದಿ ಕಳಿಸುತ್ತದೆ. ಒಂದೇ ಪಾದದಲ್ಲಿ ಉರಿಯೂ ಇದೆ, ಮರಗಟ್ಟುವಿಕೆಯೂ ಇದೆ. ಕಾಕಾನ ಬಲಗಾಲು ರಾತ್ರಿ ಉರಿಯುತ್ತಿತ್ತು, ಅದೇ ಕಾಲಿಗೆ ಸುಟ್ಟದ್ದು ತಿಳಿಯಲಿಲ್ಲ. ಉರಿ ಇರುವ ಕಾಲಿಗೆ ಸ್ಪರ್ಶ ಚೆನ್ನಾಗಿಯೇ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ, ಯಂತ್ರ ಮಾರುವವರಿಗೆ ಅನುಕೂಲವಾಗಿರುವುದು ಇದೇ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇದು ಮಾಳಮಡ್ಡಿಯೊಂದರ ಮಾತಲ್ಲ.

ಕರೆಂಟ್ ಚಿಕಿತ್ಸೆ ಎಂಬುದೇ ಮೋಸ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದೂ ಸುಳ್ಳಾಗುತ್ತದೆ. ಫಿಜಿಯೋಥೆರಪಿಯವರು ಟೆನ್ಸ್ ಎನ್ನುವ ಪುಟ್ಟ ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟಿರುತ್ತದೆ, ಬ್ಯಾಟರಿಯಿಂದ ನಡೆಯುತ್ತದೆ, ಎರಡು-ಮೂರು ಸಾವಿರಕ್ಕೆ ಸಿಗುತ್ತದೆ. ಮೊಣಕಾಲು ಬಡಿದಾಗ ನಾವು ಕೂಡಲೇ ಆ ಜಾಗ ಉಜ್ಜಿಕೊಳ್ಳುತ್ತೇವಲ್ಲ, ನೋವು ತುಸು ತಗ್ಗುತ್ತದಲ್ಲ, ಅದರ ಕಾರಣವನ್ನು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ವಿವರಿಸಿದರು. ಸ್ಪರ್ಶ ಒಯ್ಯುವ ದಪ್ಪ ನರಗಳು ಚುರುಕಾದರೆ ಬೆನ್ನುಹುರಿಯಲ್ಲಿ ನೋವಿನ ಸುದ್ದಿ ಮೇಲೇರುವ ಬಾಗಿಲು ಅರ್ಧ ಮುಚ್ಚುತ್ತದೆ ಎಂಬುದು ಅವರ ಸಿದ್ಧಾಂತ. ಟೆನ್ಸ್ ಮಾಡುವುದು ಇದನ್ನೇ, ಸಣ್ಣ ಸಣ್ಣ ವಿದ್ಯುತ್ ಬಡಿತಗಳಿಂದ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2010ರಲ್ಲಿ ಇದನ್ನು ಸಕ್ಕರೆ ಕಾಯಿಲೆಯ ನರನೋವಿಗೆ ಪರಿಗಣಿಸಬಹುದು ಎಂದಿತು. ಅದೇ ವರದಿ ಹಳೆಯ ಬೆನ್ನುನೋವಿಗೆ ಇದನ್ನು ಶಿಫಾರಸು ಮಾಡಲಿಲ್ಲ. 2017ರ ಕೊಕ್ರೇನ್ ಪರಿಶೀಲನೆ ನರನೋವಿನ ಮೇಲೆ ನಡೆದ 15 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಸಾಕ್ಷ್ಯ ಬಹಳ ದುರ್ಬಲ, ಖಚಿತವಾಗಿ ಏನೂ ಹೇಳಲಾಗದು ಎಂದಿತು. ಅಂದರೆ ಕೆಲವರಿಗೆ ಉಪಯೋಗವಾಗಬಹುದು, ಎಲ್ಲರಿಗೂ ಆಗಲಾರದು. ಉಪಯೋಗವಾದರೂ ಅದು ಯಂತ್ರ ನಡೆಯುವಾಗ ಮತ್ತು ಮುಂದೆ ಸ್ವಲ್ಪ ಹೊತ್ತು ಮಾತ್ರ. ಸತ್ತ ನರ ಇದರಿಂದ ಬದುಕುವುದಿಲ್ಲ, ಸಕ್ಕರೆ ಇದರಿಂದ ಇಳಿಯುವುದಿಲ್ಲ.

ನಮ್ಮ ಓಣಿಯಲ್ಲೇ ಒಬ್ಬ ವೈನಿ ಇದ್ದಾರೆ, ಫಿಜಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಮಲಗುವ ಮುಂಚೆ ಅರ್ಧ ತಾಸು ಟೆನ್ಸ್ ಹಚ್ಚಿಕೊಳ್ಳುತ್ತಾರೆ, ಅವರಿಗೆ ನಿದ್ದೆ ಬರುತ್ತಿದೆ. ಅವರಿಗೆ ಕೊಡುವ ಮುನ್ನ ನಡೆದ ಪರೀಕ್ಷೆಯನ್ನು ಅವರೇ ಹೇಳಿದರು. ಎರಡು ಗಾಜಿನ ನಳಿಕೆ, ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು. ಕಣ್ಣು ಮುಚ್ಚಿಸಿ ಪಾದಕ್ಕೆ, ಹರಡಿಗೆ, ಮೀನಖಂಡಕ್ಕೆ ಒಂದೊಂದಾಗಿ ಮುಟ್ಟಿಸಿ "ಬಿಸಿಯೋ ತಂಪೋ" ಎಂದು ಕೇಳಿದರು. ಪಾದದಲ್ಲಿ ಉತ್ತರ ತಪ್ಪಿತು, ಮೀನಖಂಡದಲ್ಲಿ ಸರಿಯಾಗಿ ಬಂತು. ಆದ್ದರಿಂದ ಪ್ಯಾಡನ್ನು ಸ್ಪರ್ಶ ಇರುವ ಕಡೆಗೇ ಹಚ್ಚಿದರು. ಎದೆಯಲ್ಲಿ ಪೇಸ್‌ಮೇಕರ್ ಇದೆಯೇ, ಫಿಟ್ಸ್ ಬರುತ್ತದೆಯೇ, ಎಲ್ಲಾದರೂ ಗಾಯ ಇದೆಯೇ ಎಂದೂ ಕೇಳಿದರು. ಐದು ನಿಮಿಷದ ಕೆಲಸ. ಆ ಐದು ನಿಮಿಷ ಕಾಕಾಗೆ ಸಿಕ್ಕಿದ್ದರೆ ಆ ಮಳೆಗಾಲ ಅವರಿಗೆ ಹಾಗೆ ಕಳೆಯುತ್ತಿರಲಿಲ್ಲ.

ಇನ್ನೊಂದು ಬಗೆಯ ಚಿಕಿತ್ಸೆಯ ಹೆಸರನ್ನೂ ಶಿಬಿರದವರು ಎಳೆದು ತರುತ್ತಾರೆ. "ಅಮೆರಿಕದಾಗ ಇದಕ್ಕ ಮಾನ್ಯತಾ ಸಿಕ್ಕೇದ" ಎಂದು ಚೀಟಿಯಲ್ಲಿರುತ್ತದೆ. ಅಲ್ಲಿ 2021ರಲ್ಲಿ ಮಾನ್ಯತೆ ಸಿಕ್ಕಿದ್ದು ಬೆನ್ನುಹುರಿಯ ಬಳಿ ಸಣ್ಣ ತಂತಿ ಇಟ್ಟು, ತೊಗಲಿನ ಒಳಗೆ ಬ್ಯಾಟರಿ ಹೂಡುವ ಶಸ್ತ್ರಚಿಕಿತ್ಸೆಗೆ. ಔಷಧಗಳಿಂದ ಗುಣ ಕಾಣದ 216 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಸಾಧನ ಹಾಕಿಸಿಕೊಂಡವರಲ್ಲಿ 79 ಪ್ರತಿಶತ ಜನರಿಗೆ ನೋವು ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿಯಿತು. ಔಷಧ ಮಾತ್ರ ಮುಂದುವರಿಸಿದವರಲ್ಲಿ 5 ಪ್ರತಿಶತ. ಫಲ ದೊಡ್ಡದೇ. ಆದರೆ ಅಧ್ಯಯನಕ್ಕೆ ಹಣ ಕೊಟ್ಟದ್ದು ಸಾಧನ ತಯಾರಿಸುವ ಕಂಪನಿ, ಯಾರಿಗೆ ಏನು ಹಾಕಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. 2014ರಲ್ಲಿ ನೆದರ್ಲೆಂಡ್ಸ್‌ನಲ್ಲಿ ನಡೆದ ಒಂದು ಚಿಕ್ಕ ಅಧ್ಯಯನದಲ್ಲಿ ಇಂಥ ಚಿಕಿತ್ಸೆಯ ತೊಡಕಿನಿಂದ ಒಬ್ಬರು ಮೆದುಳಿನ ರಕ್ತಸ್ರಾವವಾಗಿ ತೀರಿಹೋದರು. ಇಲ್ಲಿ ಅದರ ಖರ್ಚು ಹಲವು ಲಕ್ಷ. ದೊಡ್ಡ ಆಸ್ಪತ್ರೆಯಲ್ಲಿ, ನೋವಿನ ತಜ್ಞರು ತೂಗಿ ನೋಡಿ ಮಾಡುವ ಆ ಕೆಲಸದ ಹೆಸರನ್ನು ಕಾರ್ಯಾಲಯದಲ್ಲಿ ಮಾರುವ ಕಾಲುಮಣೆಗೆ ಅಂಟಿಸುವುದು ಹಸಿ ಸುಳ್ಳು.

ಕಾನೂನು ಇಲ್ಲ ಎಂದು ತಾವು ಹೇಳುವಂತಿಲ್ಲ. 1954ರ ಔಷಧಗಳು ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯ ಹೆಸರು ಸ್ಪಷ್ಟವಾಗಿದೆ. ಅದನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದೇ ಅಪರಾಧ, ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆವಾಸವಾಗಬಹುದು. ಆ ಕಾಯ್ದೆಯಲ್ಲಿ ಔಷಧ ಎಂದರೆ ಗುಳಿಗೆ, ಕಷಾಯ ಮಾತ್ರವಲ್ಲ. ದೇಹದ ರಚನೆಯ ಮೇಲೋ ಕೆಲಸದ ಮೇಲೋ ಪರಿಣಾಮ ಬೀರಲೆಂದು ಮಾಡಿದ, ಆಹಾರವಲ್ಲದ ಯಾವ ವಸ್ತುವೂ ಅದರೊಳಗೆ ಬರುತ್ತದೆ. ಇನ್ನು 2017ರ ವೈದ್ಯಕೀಯ ಸಾಧನಗಳ ನಿಯಮಗಳಿವೆ. 2020ರ ಏಪ್ರಿಲ್ 1ರಿಂದ ದೇಶದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ಕೆಳಗೆ ಬಂದಿವೆ. ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ಇರಬೇಕು. ಕಾಕಾ ತಂದ ಪೆಟ್ಟಿಗೆಯ ಮೇಲೆ ಇದ್ದದ್ದು ನಗುವ ಮುದುಕರೊಬ್ಬರ ಚಿತ್ರ.

ನಾವು ದೂರು ಕೊಡಲು ಹೋದೆವು. ಒಂದು ಕಚೇರಿಯಲ್ಲಿ ಇದು ಔಷಧವಲ್ಲ, ಯಂತ್ರ ಎಂದರು. ಇನ್ನೊಂದರಲ್ಲಿ ಇದು ಆರೋಗ್ಯದ ವಿಷಯ, ನಮ್ಮದಲ್ಲ ಎಂದರು. ಮತ್ತೊಂದು ಕಡೆ ರಸೀದಿ ತನ್ನಿ ಎಂದರು. ರಸೀದಿಯ ಮೇಲಿದ್ದ ಫೋನ್ ನಂಬರು ಅಷ್ಟರಲ್ಲಿ ಬಂದ್ ಆಗಿತ್ತು. ಮುಪ್ಪಿನಲ್ಲಿ, ಕಾಲಿಗೆ ಪಟ್ಟಿ ಕಟ್ಟಿಕೊಂಡು, ಎಷ್ಟು ಮೆಟ್ಟಿಲು ಹತ್ತಬೇಕು ಮನುಷ್ಯ? ಯಾವ ಕಚೇರಿಯ ಯಾವ ಟೇಬಲ್ಲಿಗೆ ಇಂಥ ದೂರು ಹೋಗಬೇಕು ಎಂಬುದನ್ನಾದರೂ ಜಿಲ್ಲಾಧಿಕಾರಿಗಳು ಒಂದು ಪ್ರಕಟಣೆಯಲ್ಲಿ ತಿಳಿಸಬೇಕು.

ಜನ ಯಾಕೆ ಇವರ ಬಲೆಗೆ ಬೀಳುತ್ತಾರೆ ಎಂಬುದನ್ನೂ ತಾವು ನೋಡಬೇಕು. ನರನೋವಿಗೆ ಕೊಡುವ ಪ್ರಿಗ್ಯಾಬಲಿನ್, ಡ್ಯುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್ ಗುಳಿಗೆಗಳು ಒಳ್ಳೆಯವೇ, ಆದರೆ ಪೂರ್ತಿ ನೋವು ಕಳೆಯುವುದು ಅಪರೂಪ. ವಯಸ್ಸಾದವರಿಗೆ ಮಂಪರು, ತಲೆತಿರುಗು ಬರುತ್ತದೆ, ರಾತ್ರಿ ಎದ್ದರೆ ಬೀಳುವ ಭಯ. ಔಷಧವಿಲ್ಲದ ಉಪಾಯ ಇದೆ ಎಂದರೆ ಆಸೆ ಹುಟ್ಟದೆ ಇರುತ್ತದೆಯೇ? ಈ ಆಸೆಗೆ ಸರಿಯಾದ ಉತ್ತರ ಕೊಡುವವರು ಹತ್ತಿರದಲ್ಲಿ ಇಲ್ಲದಿದ್ದರೆ ತಪ್ಪು ಉತ್ತರ ಕೊಡುವವರು ಬರುತ್ತಾರೆ.

ಇದರ ಜೊತೆಗೆ, ನಮ್ಮ ಬಡಾವಣೆಗೆ ತೀರ ಸಂಬಂಧಪಟ್ಟ ಒಂದು ಮಾತಿದೆ. ಶುಗರ್‌ಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಾನುಗಟ್ಟಲೆ ನುಂಗಿದವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ಬಿ12 ನಮಗೆ ಸಿಗುವುದು ಮಾಂಸ, ಮೊಟ್ಟೆ, ಹಾಲಿನಿಂದ. ಮಾಳಮಡ್ಡಿಯ ಎಷ್ಟೋ ಮನೆಗಳು ಹುಟ್ಟಾ ಸಸ್ಯಾಹಾರಿಗಳು, ವಯಸ್ಸಾದ ಮೇಲೆ ಹಾಲು-ಮೊಸರೂ ಕಡಿಮೆ. ಬಿ12 ಕೊರತೆಯೂ ಪಾದದಲ್ಲಿ ಇದೇ ಜೋಮು, ಇದೇ ಉರಿ ತರುತ್ತದೆ. ರಕ್ತ ಪರೀಕ್ಷೆಯಲ್ಲಿ ಅದು ಸಿಕ್ಕರೆ ಇಂಜೆಕ್ಷನ್ನು, ಗುಳಿಗೆಯಲ್ಲಿ ಸರಿಪಡಿಸಲು ಆಗುತ್ತದೆ. ಬಹಳ ತಡವಾದರೆ ಆಗುವುದಿಲ್ಲ. ಯಾವ ಶಿಬಿರದವನೂ ಈ ಪರೀಕ್ಷೆಯ ಹೆಸರೆತ್ತುವುದಿಲ್ಲ. ಕಾರಣ ತಿಳಿಯದೆ ಕರೆಂಟ್ ಕೊಡುತ್ತ ಹೋದರೆ, ಸರಿಪಡಿಸಬಹುದಾದ ನರವೂ ಕೈತಪ್ಪುತ್ತದೆ.

ಇನ್ನು ಬರಿಗಾಲು. ಇಲ್ಲಿ ಉತ್ತರಾದಿ ಮಠ ಇದೆ, ವನವಾಸಿ ರಾಮಮಂದಿರ ಇದೆ. ಹಿರಿಯರು ಹೊರಗೆ ಚಪ್ಪಲಿ ಬಿಟ್ಟು ಹೋಗುತ್ತಾರೆ, ಅದು ಬಿಡುವ ಪದ್ಧತಿಯೂ ಅಲ್ಲ, ಬಿಡಿ ಎಂದು ನಾನು ಹೇಳುವವಳೂ ಅಲ್ಲ. ಆದರೆ ಏಪ್ರಿಲ್ ಮಧ್ಯಾಹ್ನ ಕಲ್ಲು ಹಾಸಿನ ಮೇಲೆ ನಡೆದು ಸುಟ್ಟುಕೊಂಡದ್ದು ಸಂಜೆ ಕಾಲು ತೊಳೆಯುವಾಗ ಗೊತ್ತಾಗುವವರು ನಮ್ಮಲ್ಲಿದ್ದಾರೆ. ತನ್ನ ಪಾದದಲ್ಲಿ ಸ್ಪರ್ಶ ಎಷ್ಟು ಉಳಿದಿದೆ ಎಂದು ಗೊತ್ತಿದ್ದವರು ಬೆಳಿಗ್ಗೆ ಬಿಸಿಲೇರುವ ಮುನ್ನ ಹೋಗುತ್ತಾರೆ, ದಪ್ಪ ಕಾಲುಚೀಲ ಹಾಕಿಕೊಳ್ಳುತ್ತಾರೆ.

ಸ್ಪರ್ಶ ತಿಳಿಯಲು ಎಷ್ಟು ಖರ್ಚು? ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯವರು ರೂಪಿಸಿದ ಒಂದು ಪರೀಕ್ಷೆಗೆ ಒಂದು ಬೆರಳು ಸಾಕು. ರೋಗಿ ಕಣ್ಣು ಮುಚ್ಚಿಕೊಳ್ಳಬೇಕು. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು, ಒತ್ತಬಾರದು, ತಟ್ಟಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳಲ್ಲಿ ಮುಟ್ಟಿದ್ದು ತಿಳಿಯದಿದ್ದರೆ ಆ ಪಾದ ಅಪಾಯದಲ್ಲಿದೆ, ಡಾಕ್ಟರಿಗೆ ತೋರಿಸಬೇಕು. ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ ಹತ್ತು ಗ್ರಾಮಿನ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಬರುತ್ತದೆ, ಕೆಲವು ನೂರು ರೂಪಾಯಿಯ ಸಾಮಾನು. 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಬರುತ್ತದೆ. ಇವನ್ನು ಬಳಸಲು ಎಂಬಿಬಿಎಸ್ ಬೇಕಿಲ್ಲ, ಒಂದು ದಿನದ ತರಬೇತಿ ಪಡೆದ ನರ್ಸಮ್ಮ ಮಾಡಬಲ್ಲರು.

ಸರ್ಕಾರದ ಹತ್ತಿರ ದಾರಿಗಳೂ ಇವೆ. 2022ರ ಡಿಸೆಂಬರ್‌ನಲ್ಲಿ "ನಮ್ಮ ಕ್ಲಿನಿಕ್" ಯೋಜನೆಗೆ ಚಾಲನೆ ಸಿಕ್ಕಿದ್ದೇ ನಮ್ಮ ಅವಳಿ ನಗರದಲ್ಲಿ, ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಮನೆಗೆ ಬಂದವರು ಆರು ಬೆರಳು ಮುಟ್ಟಿ ನೋಡಿ, ಫಲವನ್ನು ರೋಗಿಯ ಚೀಟಿಯಲ್ಲಿ ಬರೆದು ಹೋಗಲಿ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಎಂಡೋಕ್ರೈನಾಲಜಿ ಸಂಶೋಧನಾ ಸಂಸ್ಥೆಯಲ್ಲಿ ಪಾದದ ಚಿಕಿತ್ಸೆಗೆಂದೇ ವಿಭಾಗವಿದೆ; ಅಲ್ಲಿಯವರಿಂದ ನಮ್ಮ ಜಿಲ್ಲೆಯ ಸಿಬ್ಬಂದಿಗೆ ತರಬೇತಿ ಕೊಡಿಸಿ. ಹುಬ್ಬಳ್ಳಿಯಲ್ಲಿ 1957ರಲ್ಲಿ ಶುರುವಾದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಧಾರವಾಡದಲ್ಲಿ ಜಿಲ್ಲಾಸ್ಪತ್ರೆ ಇದೆ. ವಾರಕ್ಕೆ ಒಂದು ಮಧ್ಯಾಹ್ನವಾದರೂ ಫಿಜಿಯೋಥೆರಪಿಸ್ಟ್ ಒಬ್ಬರು ಬಡಾವಣೆಯ ಕ್ಲಿನಿಕ್ಕಿಗೆ ಬಂದು, ಯಾರಿಗೆ ಟೆನ್ಸ್ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ನೋಡಿ ಹೇಳಲಿ. ಕೊಳ್ಳುವ ಮೊದಲು ಕೆಲವು ದಿನ ಹಚ್ಚಿ ನೋಡಲು ಕ್ಲಿನಿಕ್ಕಿನಲ್ಲೇ ಒಂದೆರಡು ಯಂತ್ರ ಇರಲಿ.

ಚಪ್ಪಲಿಯ ಮಾತೂ ಇದೆ. ಕುಷ್ಠರೋಗದಲ್ಲಿ ಬೆರಳು ಸವೆಯುವುದು ಮಾಂಸ ಕೊಳೆತು ಅಲ್ಲ, ನೋವು ತಿಳಿಯದೆ ಗಾಯವಾಗಿ ಎಂದು ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ತೋರಿಸಿಕೊಟ್ಟು ಎಷ್ಟೋ ದಶಕಗಳಾದವು. ಆ ರೋಗಿಗಳಿಗೆಂದು ಬಳಕೆಗೆ ಬಂದ ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿಯೇ ಇಂದು ಸಕ್ಕರೆ ಕಾಯಿಲೆಯವರ ಪಾದವನ್ನೂ ಕಾಯುತ್ತಿದೆ. ಸರ್ಕಾರದ ಆರೋಗ್ಯ ಕಾರ್ಡು ಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆಗೆ ನಡೆಯುತ್ತದೆ, ಕಾಲು ಉಳಿಸುವ ಈ ಚಪ್ಪಲಿಗೆ ನಡೆಯುವುದಿಲ್ಲ. ಸ್ಪರ್ಶ ಕಳೆದುಕೊಂಡವರಿಗೆ ವರ್ಷಕ್ಕೊಂದು ಜೊತೆ ಕೊಡುವ ಖರ್ಚನ್ನು ಒಂದು ಕಾಲಿನ ಶಸ್ತ್ರಚಿಕಿತ್ಸೆಯ ಖರ್ಚಿನ ಪಕ್ಕದಲ್ಲಿಟ್ಟು ತಮ್ಮ ಹಣಕಾಸು ವಿಭಾಗದವರೇ ಲೆಕ್ಕ ಹಾಕಲಿ.

ಇಷ್ಟೆಲ್ಲ ಒಂದೇ ದಿನದಲ್ಲಿ ಆಗದು, ನನಗೆ ಗೊತ್ತು. ಆದರೆ ಒಂದು ಕೆಲಸ ಈ ವಾರವೇ ಆಗಬೇಕು. ಮೊನ್ನೆ ಪೇಪರಿನಲ್ಲಿ ಮತ್ತೆ ಚೀಟಿ ಬಂದಿದೆ, ಬೇರೆ ಹೆಸರು, ಅದೇ ಯಂತ್ರದ ಚಿತ್ರ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಬಡಾವಣೆಯ ಕಾರ್ಯಾಲಯದಲ್ಲಿ ಶಿಬಿರ. ಚೀಟಿಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಅಂದು ಒಬ್ಬ ಔಷಧ ನಿರೀಕ್ಷಕರನ್ನು ಕಳಿಸಿ. ಡಬ್ಬಿಯ ಮೇಲಿನ ಪರವಾನಗಿ ಸಂಖ್ಯೆ ಕೇಳಲಿ, ಕರೆಂಟ್ ಕೊಡುವವರ ಓದಿನ ಪ್ರಮಾಣಪತ್ರ ಕೇಳಲಿ. ಕಾಕಾನ ಯಂತ್ರ, ರಸೀದಿ, ಪಾದದ ಫೋಟೋ ಹಿಡಿದುಕೊಂಡು ನಾನೂ ಕಾಕೂನೂ ಒಂಬತ್ತೂವರೆಗೇ ಬಾಗಿಲ ಬಳಿ ಇರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮಾಳಮಡ್ಡಿಯ ಒಬ್ಬ ನಿವಾಸಿ,
ಧಾರವಾಡ